ಎರಡನೇ ಭಾಗದ ಮೊದಲ ಮೂರು ದಿನ

ಪ್ರಶ್ನೆ: ಸರ್, ನಾನು ಸಕಲೇಶಪುರದ ಕಡೆಯವನು, ಹಾಸನದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ನಾವು ಐದಾರು ಜನಕ್ಕೆ ಸೈನ್ಸ್ ಫಿಕ್ಷನ್ ಸಿನಿಮಾ ಅಂದರೆ ಪ್ರಾಣ. ಹಳೆಯ ‘ಬ್ಲೇಡ್ ರನ್ನರ್’ನ ಎರಡನೇ ಭಾಗವಾದ ‘ಬ್ಲೇಡ್ ರನ್ನರ್ 2049’ ಚಿತ್ರವನ್ನು ಎಲ್ಲರೂ ಮೂರು ಮೂರು ಸಲ ನೋಡಿದ್ದೇವೆ. ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತ ಚಿತ್ರ ಅಂತ ಈಚೆಗೆ ಗೊತ್ತಾಗಿ ತುಂಬ ಬೇಜಾರಾಯಿತು. ಅದೇ ವರ್ಷ ಬಂದ ಸ್ಟಾರ್ ವಾರ್ಸ್ ಸರಣಿಯ ‘ದಿ ಲಾಸ್ಟ್ ಜೆಡೈ’ಯನ್ನು ಅದರ ಅಭಿಮಾನಿಗಳೇ ಬಾಯಿಗೆ ಬಂದಂತೆ ಬೈದರು. ಆದರೂ ಅದು ನೂರು ಕೋಟಿ ಡಾಲರ್ ದಾಟಿತು. ಹಾಗಾದರೆ ಅಭಿಮಾನಿಗಳ ಮಾತಿಗೆ ಬೆಲೆಯೇ ಇಲ್ಲವೇ? ಇನ್ನೊಂದು ಪ್ರಶ್ನೆ: ಕಾಲೇಜಿನ ಸಭಾಂಗಣದಲ್ಲಿ ‘2049’ ಅನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕು ಅಂತಿದ್ದೇವೆ. ಜನ ಬರುತ್ತಾರಾ?

ಉತ್ತರ: ಅಂಕಿಗಳಿಂದಲೇ ಶುರುಮಾಡುತ್ತೇನೆ. ಅವುಗಳೊಳಗೆ ನಿಮಗೆ ಸ್ವಲ್ಪ ಸಮಾಧಾನವೂ ಇದೆ.

‘ದಿ ಲಾಸ್ಟ್ ಜೆಡೈ’ ತೆರೆಕಂಡದ್ದು 2017ರ ಡಿಸೆಂಬರ್ 15ಕ್ಕೆ. ಅಮೆರಿಕ ಮತ್ತು ಕೆನಡಾದಲ್ಲಿ ಮೊದಲ ಮೂರು ದಿನಕ್ಕೆ 22 ಕೋಟಿ ಡಾಲರ್, ಓಟ ಮುಗಿಯುವ ಹೊತ್ತಿಗೆ 62 ಕೋಟಿ. ‘2049’ ಬಂದದ್ದು ಅದೇ ವರ್ಷ ಅಕ್ಟೋಬರ್ 6ಕ್ಕೆ. ಮೊದಲ ಮೂರು ದಿನ 3.27 ಕೋಟಿ, ಕೊನೆಗೆ 9.2 ಕೋಟಿ. ಈಗ ಒಟ್ಟು ಗಳಿಕೆಯನ್ನು ಮೊದಲ ಮೂರು ದಿನದ ಗಳಿಕೆಯಿಂದ ಭಾಗಿಸಿ ನೋಡಿ. ಎರಡಕ್ಕೂ ಬರುವ ಉತ್ತರ 2.8. ಒಂದನ್ನು ತಲೆ ಮೇಲೆ ಹೊತ್ತು ಮೆರೆಸಿದರು, ಇನ್ನೊಂದನ್ನು ಬೈದರು. ಆದರೆ ತೆರೆಕಂಡ ಮೇಲೆ ಎರಡೂ ಒಂದೇ ನಡಿಗೆಯಲ್ಲಿ ನಡೆದಿವೆ. ಅಷ್ಟೇ ಅಲ್ಲ, ಡಿಸೆಂಬರ್ ಕೊನೆ ಅಲ್ಲಿ ಕ್ರಿಸ್‌ಮಸ್ ರಜೆಯ ಕಾಲ. ಸಾಧಾರಣ ಚಿತ್ರವೂ ಆ ಹದಿನೈದು ದಿನ ಕುಂಟಿಕೊಂಡಾದರೂ ಓಡುತ್ತದೆ. ಅಕ್ಟೋಬರ್‌ನಲ್ಲಿ ಅಂಥ ಆಸರೆ ಇಲ್ಲ. ರಜೆಯಿಲ್ಲದೆ 2.8 ಮುಟ್ಟಿದ ‘2049’, ರಜೆ ಸಿಕ್ಕಿಯೂ 2.8ಕ್ಕೇ ನಿಂತ ಚಿತ್ರಕ್ಕಿಂತ ಚೆನ್ನಾಗಿಯೇ ಓಡಿತು ಅಂತ ನಾನು ಲೆಕ್ಕ ಹಾಕುತ್ತೇನೆ.

ಹಾಗಾದರೆ ಎರಡರ ನಡುವಿನ ಅಷ್ಟು ದೊಡ್ಡ ಅಂತರ ಎಲ್ಲಿ ಹುಟ್ಟಿತು? ಪೂರ್ತಿ ಆ ಮೊದಲ ಮೂರು ದಿನದಲ್ಲಿ. ಅಂದರೆ ಚಿತ್ರ ಹೇಗಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಾಗುವ ಮೊದಲೇ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ವಿತರಕರ ಕಡೆಯ ರೆಪ್ರೆಸೆಂಟೇಟಿವ್ ಆಗಿ ಹಾಸನ, ಅರಸೀಕೆರೆ, ಬೇಲೂರು, ಕಡೂರು, ಚಿಕ್ಕಮಗಳೂರು ಸುತ್ತಿದವನು ನಾನು. ಪ್ರಿಂಟಿನ ಡಬ್ಬಗಳ ಜೊತೆ ಬಸ್ಸಿನಲ್ಲಿ ಹೋಗುವುದು, ಒಂದೊಂದು ಆಟಕ್ಕೂ ಟಿಕೆಟ್ ಪುಸ್ತಕದ ನಂಬರು ನೋಡುವುದು, ಸೆಕೆಂಡ್ ಶೋ ಶುರುವಾದ ಮೇಲೆ ಮ್ಯಾನೇಜರ್ ಕೋಣೆಯಲ್ಲಿ ಕೂತು ಡಿ.ಸಿ.ಆರ್., ಅಂದರೆ ಆ ದಿನದ ಕಲೆಕ್ಷನ್ ವರದಿ ಬರೆದು ಸಹಿ ಹಾಕಿಸಿಕೊಳ್ಳುವುದು: ಇದೇ ನನ್ನ ಕೆಲಸವಾಗಿತ್ತು. ರಾತ್ರಿ ಫೋನ್ ಮಾಡಿದರೆ ಬೆಂಗಳೂರಿನ ಗಾಂಧಿನಗರದಿಂದ ಬರುತ್ತಿದ್ದ ಪ್ರಶ್ನೆ ಒಂದೇ: ‘ಸೋಮವಾರ ಹಿಡೀತಾ?’ ಶುಕ್ರವಾರ, ಶನಿವಾರ, ಭಾನುವಾರದ ಮಾತನ್ನು ಅವರು ಕೇಳುತ್ತಲೇ ಇರಲಿಲ್ಲ. ಅದು ಹೇಗಿದ್ದರೂ ಬರುವ ಜನ.

ತೊಂಬತ್ತರ ದಶಕದಲ್ಲಿ ಡೈನೊಸಾರ್ ಚಿತ್ರದ ಮೊದಲ ಭಾಗ ‘ಜುರಾಸಿಕ್ ಪಾರ್ಕ್’ ನಮ್ಮ ಕಡೆ ಬಂದಾಗ ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜಿಯರನ್ನು ಮೊಮ್ಮಕ್ಕಳು ಕೈಹಿಡಿದು ಕರೆತಂದರು. ಅಲ್ಲಿಯವರೆಗೆ ಇಂಗ್ಲಿಷ್ ಚಿತ್ರ ಅಂದರೆ ನಮ್ಮೂರುಗಳಲ್ಲಿ ಬರೀ ಮಾರ್ನಿಂಗ್ ಶೋ. ಇದು ನಾಲ್ಕೂ ಆಟ ಓಡಿತು. ಅದರ ಎರಡನೇ ಭಾಗ ‘ದಿ ಲಾಸ್ಟ್ ವರ್ಲ್ಡ್’ ಚಿಕ್ಕಮಗಳೂರಿಗೆ ಬಂದಾಗ ಆ ಥಿಯೇಟರಿನಲ್ಲಿ ನಾನಿದ್ದೆ. ಶುಕ್ರವಾರ ಗೇಟು ಮುರಿಯುವಷ್ಟು ನೂಕುನುಗ್ಗಲು. ಭಾನುವಾರ ಮ್ಯಾಟ್ನಿಗೇ ಹೌಸ್‌ಫುಲ್ ಬೋರ್ಡು. ಮಂಗಳವಾರ ಬಾಲ್ಕನಿಯಲ್ಲಿ ನಾನು ಎಣಿಸಿದ ತಲೆ ಹದಿನೇಳು. ಆಮೇಲೆ ಗೊತ್ತಾಯಿತು, ಅಮೆರಿಕದಲ್ಲೂ ಆದದ್ದು ಅದೇ. 1993ರಲ್ಲಿ ಮೊದಲ ಭಾಗ ಅಲ್ಲಿ 4.7 ಕೋಟಿ ಡಾಲರ್‌ನಿಂದ ಶುರುವಾಗಿ 35 ಕೋಟಿ ದಾಟಿತ್ತು. 1997ರಲ್ಲಿ ಎರಡನೆಯದು 7.2 ಕೋಟಿಯಿಂದ ಶುರುವಾಯಿತು. ಆವರೆಗೆ ಯಾವ ಚಿತ್ರಕ್ಕೂ ಅಂಥ ಮೊದಲ ವಾರಾಂತ್ಯ ಸಿಕ್ಕಿರಲಿಲ್ಲ. ಕೊನೆಗೆ ನಿಂತದ್ದು ಮಾತ್ರ 23 ಕೋಟಿಯ ಹತ್ತಿರ.

ಅವತ್ತು ನನಗೆ ಮನದಟ್ಟಾದ ಮಾತು ಇದು: ಎರಡನೇ ಭಾಗದ ಮೊದಲ ಮೂರು ದಿನದ ದುಡ್ಡನ್ನು ದುಡಿದಿಟ್ಟದ್ದು ಮೊದಲನೇ ಭಾಗ. ಅಪ್ಪ ಕೂಡಿಟ್ಟದ್ದನ್ನು ಮಗ ಮೊದಲ ವಾರದಲ್ಲಿ ಖರ್ಚು ಮಾಡುತ್ತಾನೆ. ಮಗನ ಸ್ವಂತ ಸಂಪಾದನೆ ಎಷ್ಟು ಅಂತ ಕಾಣುವುದು ಸೋಮವಾರದಿಂದ.

ನೀವು ಕಾಫಿ ಸೀಮೆಯವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಒಂದು ವಾರ ಕಳೆಯುವಷ್ಟರಲ್ಲಿ ರೊಬಸ್ಟಾ ತೋಟ ಬೆಳ್ಳಗಾಗುತ್ತದೆ. ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ತೋಟದ ಯಜಮಾನ ಮಾತ್ರ ಇನ್ನೂ ಆಕಾಶ ನೋಡುತ್ತಿರುತ್ತಾನೆ. ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ಹಿಂದೆ ಬರಬೇಕಾದ ಎರಡನೇ ಮಳೆ ಬರದಿದ್ದರೆ ಕಾಯಿ ನಿಲ್ಲುವುದಿಲ್ಲ ಅಂತ ಅವನಿಗೆ ಗೊತ್ತು. ‘ಮೊದಲ ದಿನವೇ ದಾಖಲೆ’ ಅನ್ನುವ ಪೋಸ್ಟರ್ ನೋಡಿದಾಗಲೆಲ್ಲ ನನಗೆ ಆ ಬಿಳಿ ತೋಟ ನೆನಪಾಗುತ್ತದೆ.

ಈಗ ‘2049’ಕ್ಕೆ ಬರೋಣ. ಅದರ ಅಪ್ಪ ಕೂಡಿಟ್ಟದ್ದು ಏನಿತ್ತು?

‘ಬ್ಲೇಡ್ ರನ್ನರ್’ ಮೊದಲ ಭಾಗ ಬಂದದ್ದು 1982ರ ಜೂನ್ 25ಕ್ಕೆ. ಎರಡು ವಾರದ ಹಿಂದೆ, ಜೂನ್ 11ಕ್ಕೆ ‘ಇ.ಟಿ.’ ಬಂದು ಇಡೀ ಅಮೆರಿಕದ ಮಕ್ಕಳು ಮರಿಗಳೆಲ್ಲ ಆ ಕಡೆ ಹೋಗಿಬಿಟ್ಟಿದ್ದರು. ಅನ್ಯಗ್ರಹದ ಮುದ್ದು ಜೀವಿಯನ್ನು ನೋಡಿ ಕಣ್ಣೀರು ಹಾಕಿದ ಜನಕ್ಕೆ, ಸದಾ ಮಳೆ ಸುರಿಯುವ ಕತ್ತಲ ಊರು, ಯಾರು ಮನುಷ್ಯ ಯಾರು ಯಂತ್ರ ಅಂತ ತಿಳಿಯದ ಕಥೆ ಬೇಡವಾಯಿತು. ಮೊದಲ ವಾರಾಂತ್ಯಕ್ಕೆ ಸುಮಾರು 61 ಲಕ್ಷ ಡಾಲರ್. ಖರ್ಚು 3 ಕೋಟಿಯ ಹತ್ತಿರ. ಥಿಯೇಟರಿನಲ್ಲಿ ಅದು ಹುಟ್ಟಲಿಲ್ಲ. ಅದೇ ದಿನ ಬಿಡುಗಡೆಯಾದ ‘ದಿ ಥಿಂಗ್’ ಕೂಡ ಹಾಗೇ ಮುಗ್ಗರಿಸಿತು. ಇವತ್ತು ಎರಡನ್ನೂ ಆ ಪ್ರಕಾರದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಇಡುತ್ತಾರೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ 1982 ನಮ್ಮ ಹಾಸನಕ್ಕೂ ದೊಡ್ಡ ವರ್ಷ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇಲ್ಲಿ ಕೆಲಸ ಶುರುಮಾಡಿದ್ದು ಆ ವರ್ಷವೇ. ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರ್‌ನಲ್ಲಿ ಇಂಧನ ಖಾಲಿಯಾಗಿ ಕೈತಪ್ಪಿತು. ಮರುವರ್ಷ ಆಗಸ್ಟ್‌ನಲ್ಲಿ ಹೋದ ಇನ್ಸಾಟ್-1ಬಿ ವರ್ಷಗಟ್ಟಲೆ ದುಡಿಯಿತು. ಮನೆ ಮನೆಗೆ ದೂರದರ್ಶನ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ನೀವು ಓದುತ್ತಿರುವ ಊರಿನ ಪಕ್ಕದಲ್ಲೇ ಆ ದೊಡ್ಡ ತಟ್ಟೆಗಳು ಆಕಾಶದ ಕಡೆ ಮುಖ ಮಾಡಿ ನಿಂತಿವೆ. ಭವಿಷ್ಯದ ಕಥೆ ನೋಡುವ ಹುಡುಗರಿಗೆ ಹಾಸನಕ್ಕಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಇನ್ನೊಂದು ಇರಲಾರದು ಅಂತ ನನಗೆ ಅನ್ನಿಸುತ್ತದೆ.

ಸೋತ ಆ ಚಿತ್ರವನ್ನು ಉಳಿಸಿದವರು ಅಭಿಮಾನಿಗಳೇ. ವೀಡಿಯೊ ಕ್ಯಾಸೆಟ್ಟಿನಲ್ಲಿ, ಕೇಬಲ್ ಟಿ.ವಿ.ಯಲ್ಲಿ ಒಬ್ಬೊಬ್ಬರೇ ಅದನ್ನು ಕಂಡುಕೊಂಡರು. ನಿರ್ಮಾಪಕರು ಹೆದರಿ ಸೇರಿಸಿದ್ದ ಹಿನ್ನೆಲೆ ಮಾತು, ಒತ್ತಾಯದ ಸುಖಾಂತ್ಯ ಎರಡನ್ನೂ ತೆಗೆದ ಆವೃತ್ತಿ 1992ರಲ್ಲಿ ತೆರೆಕಂಡಿತು. 1993ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಅದನ್ನು ಸೇರಿಸಿಕೊಂಡಿತು. ನಿರ್ದೇಶಕ ರಿಡ್ಲಿ ಸ್ಕಾಟ್ ಪೂರ್ತಿ ತನ್ನ ಮನಸ್ಸಿನಂತೆ ಜೋಡಿಸಿದ ಅಂತಿಮ ಆವೃತ್ತಿ ಬಂದದ್ದು 2007ರಲ್ಲಿ. ಇಪ್ಪತ್ತೈದು ವರ್ಷ ಒಂದು ಚಿತ್ರವನ್ನು ಬಿಡದೆ ಎತ್ತಿಹಿಡಿಯುವುದು ಸಣ್ಣ ಪ್ರೀತಿಯಲ್ಲ. ಅಭಿಮಾನಿಗಳ ಮಾತಿಗೆ ಬೆಲೆ ಇಲ್ಲವೇ ಅಂತ ಕೇಳಿದಿರಲ್ಲ, ಅವರಿಲ್ಲದಿದ್ದರೆ ‘2049’ ಹುಟ್ಟುತ್ತಲೇ ಇರಲಿಲ್ಲ.

ಆದರೆ ಆ ಪ್ರೀತಿ ಬಾವಿಯ ನೀರಿನ ಹಾಗೆ. ಆಳ ಎಷ್ಟು ಬೇಕಾದರೂ ಇರಲಿ, ಬಾಯಿ ಕಿರಿದು. ಕೆರೆಯ ಹಾಗೆ ಊರಗಲ ಹರಡಿದ್ದಲ್ಲ. ಗಲ್ಲಾಪೆಟ್ಟಿಗೆಗೆ ಬೇಕಾದದ್ದು ಕೆರೆ. ನೀವು ಐದಾರು ಜನ ಮೂರು ಮೂರು ಸಲ ನೋಡಿದಿರಿ. ನಿಮ್ಮ ಪ್ರೀತಿಯ ತೂಕ ಎಷ್ಟೇ ಇದ್ದರೂ ಅದು ಹದಿನೆಂಟು ಟಿಕೆಟ್. ‘2049’ರ ಮೊದಲ ವಾರಾಂತ್ಯಕ್ಕೆ ಬಂದ ಪ್ರೇಕ್ಷಕರಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರು. ಅಲ್ಲಿನ ಸೆನ್ಸಾರ್ ದರ್ಜೆಯೂ ವಯಸ್ಕರದ್ದು. ಹದಿನೇಳು ತುಂಬದವರು ದೊಡ್ಡವರಿಲ್ಲದೆ ಒಳಗೆ ಹೋಗುವಂತಿಲ್ಲ. ಚಿತ್ರದ ಅವಧಿ 163 ನಿಮಿಷ, ಹಾಗಾಗಿ ಒಂದು ಪರದೆಗೆ ದಿನಕ್ಕೆ ಸಿಗುವ ಆಟಗಳೇ ಕಡಿಮೆ. ಕಥೆಯ ಗುಟ್ಟು ಒಡೆಯಬಾರದೆಂದು ಜಾಹೀರಾತಿನಲ್ಲೂ ಬಾಯಿ ಬಿಗಿಹಿಡಿದರು. ಮೊದಲ ಭಾಗ ನೋಡಿದವರಿಗೆ ಆ ಮೌನ ರುಚಿಸಿತು, ನೋಡದವರಿಗೆ ಇದು ತಮಗಲ್ಲ ಅನ್ನಿಸಿತು. ಮೂವತ್ತೈದು ವರ್ಷದ ಹಿಂದಿನ ಸೋತ ಚಿತ್ರವನ್ನು ನೋಡದವರೇ ಅಲ್ಲವೇ ಹೆಚ್ಚು?

ಇದು ಅಪವಾದವೇ ಅಂತ ಕೇಳಿದರೆ, ಅದೇ 1982ರ ಜುಲೈಯಲ್ಲಿ ಬಂದ ‘ಟ್ರಾನ್’ ನೋಡಿ. ಅದಕ್ಕೂ ಹಾಗೇ ಬಾವಿಯಂಥ ಅಭಿಮಾನ. ಅದರ ಮೂರನೇ ಭಾಗ 2025ರ ಅಕ್ಟೋಬರ್‌ನಲ್ಲಿ ಬಂದಾಗ ಮೊದಲ ವಾರಾಂತ್ಯದ ಗಳಿಕೆ ಸುಮಾರು 3.3 ಕೋಟಿ ಡಾಲರ್, ಹೆಚ್ಚುಕಡಿಮೆ ‘2049’ರಷ್ಟೇ. ಆದರೆ ಅದಕ್ಕೆ ಬ್ಯಾಕಿಂಗ್ ಮಳೆ ಬರಲಿಲ್ಲ, 2.2 ಪಟ್ಟಿಗೇ ನಿಂತುಹೋಯಿತು.

ಗಲಾಟೆ ಮಾಡುವ ಅಭಿಮಾನಿಗಳೇ ಇಲ್ಲದ ಚಿತ್ರ ಏನಾಗುತ್ತದೆ ಅನ್ನುವುದಕ್ಕೆ ‘ಅವತಾರ್’ ಸಾಕ್ಷಿ. 2009ರ ಮೊದಲ ಭಾಗದ ಪಾತ್ರಗಳ ಹೆಸರು ಯಾರಿಗೆ ನೆನಪಿದೆ, ಹದಿಮೂರು ವರ್ಷದ ಮೇಲೆ ಇದನ್ನು ನೋಡಲು ಯಾರು ಬರುತ್ತಾರೆ ಅಂತ ಬಹಳ ಜನ ಬರೆದರು. 2022ರ ಡಿಸೆಂಬರ್ 16ಕ್ಕೆ ಎರಡನೇ ಭಾಗ ಬಂತು, ಕನ್ನಡದ ಡಬ್ಬಿಂಗ್ ಜೊತೆಗೆ. ಅಮೆರಿಕದಲ್ಲಿ ಮೊದಲ ಮೂರು ದಿನ 13.4 ಕೋಟಿ ಡಾಲರ್; ‘ಲಾಸ್ಟ್ ಜೆಡೈ’ಗಿಂತ ಎಷ್ಟೋ ಕಡಿಮೆ. ಕೊನೆಗೆ 68 ಕೋಟಿ, ಐದು ಪಟ್ಟು. ಪ್ರಪಂಚದಾದ್ಯಂತ 232 ಕೋಟಿ. ಯಾರೂ ಅದರ ಹೆಸರಲ್ಲಿ ಜಗಳ ಆಡಲಿಲ್ಲ, ಟೀ ಶರ್ಟ್ ಹಾಕಿಕೊಳ್ಳಲಿಲ್ಲ. ಅಪ್ಪ, ಅಮ್ಮ, ಅತ್ತೆ, ಮಕ್ಕಳು ಸೇರಿ ಒಂದು ಸಲ ಹೋಗಿಬಂದರು, ಪಕ್ಕದ ಮನೆಯವರಿಗೆ ‘ಚೆನ್ನಾಗಿದೆ, ಹೋಗಿ’ ಅಂದರು, ಮರೆತರು. ಈ ಮೌನದ ಪ್ರೇಕ್ಷಕರನ್ನು ಸಿನಿಮಾ ಬರಹಗಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಥಿಯೇಟರ್ ಬಾಗಿಲಲ್ಲಿ ನಿಂತವನಿಗೆ ಮಾತ್ರ ಅವರು ಕಾಣುತ್ತಾರೆ. ಗೇಟ್‌ಕೀಪರ್‌ಗಳಿಗೆ ಒಂದು ಲೆಕ್ಕ ಇತ್ತು: ಹೆಂಗಸರ ಕ್ಯೂ ಎರಡನೇ ವಾರವೂ ಇದ್ದರೆ ಚಿತ್ರ ಗೆದ್ದ ಹಾಗೆ. ನಾನು ಕಂಡಂತೆ ಅದು ತಪ್ಪಿದ್ದು ಕಡಿಮೆ.

ಮೊದಲ ಭಾಗ ಕೂಡಿಟ್ಟದ್ದು ಬಿಡುಗಡೆಯ ನಂತರವೂ ಬೆಳೆಯಬಹುದು. ಇದಕ್ಕೆ ನಮ್ಮ ‘ಕೆ.ಜಿ.ಎಫ್.’ಗಿಂತ ಬೇರೆ ಉದಾಹರಣೆ ಬೇಡ. 2018ರ ಡಿಸೆಂಬರ್‌ನ ಮೊದಲ ಭಾಗ ಸುಮಾರು 250 ಕೋಟಿ ರೂಪಾಯಿ ಗಳಿಸಿತು. ಆಮೇಲೆ ಮೂರು ವರ್ಷ ಜನ ಅದನ್ನು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಹಲವು ಭಾಷೆಗಳಲ್ಲಿ ನೋಡಿದರು. 2022ರ ಏಪ್ರಿಲ್‌ನಲ್ಲಿ ಎರಡನೇ ಭಾಗ 1,200 ಕೋಟಿ ದಾಟಿತು. ‘ಡ್ಯೂನ್’ ವಿಷಯದಲ್ಲೂ ನಡೆದದ್ದು ಇದೇ, ಮತ್ತು ಇದು ನಿಮಗೆ ಖುಷಿ ಕೊಡಬೇಕು, ಯಾಕೆಂದರೆ ಅದರ ನಿರ್ದೇಶಕರೂ ‘2049’ ಮಾಡಿದ ಡೆನಿ ವಿಲ್ನೆವ್. 2021ರ ಮೊದಲ ಭಾಗವನ್ನು ಕೋವಿಡ್ ಕಾಲದಲ್ಲಿ ಅಮೆರಿಕದಲ್ಲಿ ಥಿಯೇಟರ್ ಮತ್ತು ಮನೆಯ ಪರದೆಗೆ ಒಂದೇ ದಿನ ಬಿಟ್ಟರು. ಅಲ್ಲಿನ ಮೊದಲ ವಾರಾಂತ್ಯ 4.1 ಕೋಟಿ ಡಾಲರ್. ಮನೆಯಲ್ಲಿ ನೋಡಿದವರು ‘ಇದನ್ನು ದೊಡ್ಡ ಪರದೆಯಲ್ಲಿ ನೋಡಬೇಕಿತ್ತು’ ಅಂದುಕೊಂಡರು. 2024ರ ಮಾರ್ಚ್ 1ಕ್ಕೆ ಎರಡನೇ ಭಾಗ ಬಂದಾಗ ಅದು 8.2 ಕೋಟಿಯಾಯಿತು, ಸರಿಯಾಗಿ ಎರಡರಷ್ಟು. ಪ್ರಪಂಚದಾದ್ಯಂತ 71 ಕೋಟಿ. ಅದೇ ನಿಧಾನ, ಅದೇ ಗಾಂಭೀರ್ಯ, ಅದೇ ಉದ್ದದ ಚಿತ್ರ. ಹಾಗಾಗಿ ಜನ ಗಂಭೀರವಾದದ್ದನ್ನು ನೋಡುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೂಡಿಟ್ಟದ್ದು ಕರಗುವುದೂ ಅಷ್ಟೇ ಬೇಗ. ‘ಮೇಟ್ರಿಕ್ಸ್’ನ ಎರಡನೇ ಮತ್ತು ಮೂರನೇ ಭಾಗಗಳನ್ನು ಒಟ್ಟಿಗೆ ಚಿತ್ರೀಕರಿಸಿ 2003ರ ಮೇ ತಿಂಗಳಲ್ಲಿ ಒಂದು, ನವೆಂಬರ್‌ನಲ್ಲಿ ಒಂದು ಬಿಟ್ಟರು. ಎರಡನೆಯದು 74 ಕೋಟಿ ಡಾಲರ್ ಗಳಿಸಿತು. ಆರು ತಿಂಗಳ ಮೇಲೆ ಮೂರನೆಯದಕ್ಕೆ 42 ಕೋಟಿ ಚಿಲ್ಲರೆ. ಎರಡನೆಯದು ಗೆದ್ದಿತು ಅಂತ ಎಲ್ಲರೂ ಬರೆದಿದ್ದರು. ಅದನ್ನು ನೋಡಿದವರ ನಿಜವಾದ ಅಭಿಪ್ರಾಯ ಪ್ರಕಟವಾದದ್ದು ಮೂರನೆಯದರ ಟಿಕೆಟ್ ಕಿಟಕಿಯಲ್ಲಿ.

‘ಲಾಸ್ಟ್ ಜೆಡೈ’ ವಿಷಯವನ್ನು ಓದಬೇಕಾದದ್ದೂ ಹೀಗೇ. ಸ್ಟಾರ್ ವಾರ್ಸ್ ಸರಣಿಯ 2015ರ ಭಾಗ 207 ಕೋಟಿ ಡಾಲರ್, 2017ರದ್ದು 133 ಕೋಟಿ, 2019ರದ್ದು 107 ಕೋಟಿ. ನಡುವೆ, ‘ಲಾಸ್ಟ್ ಜೆಡೈ’ ಬಂದ ಐದೇ ತಿಂಗಳಿಗೆ, 2018ರ ಮೇ ತಿಂಗಳಲ್ಲಿ ಬಿಟ್ಟ ಅದೇ ಜಗತ್ತಿನ ಇನ್ನೊಂದು ಚಿತ್ರ ‘ಸೋಲೊ’ 39 ಕೋಟಿಗೆ ನಿಂತು ನಷ್ಟ ಮಾಡಿತು. ಇಷ್ಟನ್ನೂ ಅಭಿಮಾನಿಗಳ ಸಿಟ್ಟಿಗೇ ಕಟ್ಟುವುದು ತಪ್ಪು. ‘ಸೋಲೊ’ ಚಿತ್ರಕ್ಕೆ ನಡುವೆ ನಿರ್ದೇಶಕರನ್ನೇ ಬದಲಿಸಿ ಬಹುಪಾಲು ಮತ್ತೆ ಚಿತ್ರೀಕರಿಸಿದ್ದರಿಂದ ಖರ್ಚು ಏರಿತ್ತು. ಒಂದರ ಹಿಂದೆ ಒಂದು ಬಂದರೆ ಜನಕ್ಕೂ ಸಾಕೆನಿಸುತ್ತದೆ. ಆದರೂ ಅಭಿಮಾನಿಗಳ ಮಾತು ಅವತ್ತಿನ ಕಲೆಕ್ಷನ್‌ನಲ್ಲಿ ಕಾಣದೆ ಮುಂದಿನ ಚಿತ್ರದ ಕಲೆಕ್ಷನ್‌ನಲ್ಲಿ ಕಾಣುತ್ತದೆ ಅನ್ನುವುದನ್ನು ನಾನು ನಂಬುತ್ತೇನೆ.

ಆ ಸಿಟ್ಟು ಎಷ್ಟು ಜನರದ್ದು ಅನ್ನುವುದೂ ಮುಖ್ಯ. ಮೊದಲ ರಾತ್ರಿ ಥಿಯೇಟರಿನಿಂದ ಹೊರಬರುವವರ ಕೈಗೆ ಚೀಟಿ ಕೊಟ್ಟು ದರ್ಜೆ ಕೇಳುವ ಸಿನಿಮಾಸ್ಕೋರ್ ಅನ್ನುವ ಸಂಸ್ಥೆ ಅಮೆರಿಕದಲ್ಲಿದೆ. ಅಲ್ಲಿ ‘ಲಾಸ್ಟ್ ಜೆಡೈ’ಗೆ ಸಿಕ್ಕಿದ್ದು ‘ಎ’. ‘2049’ಕ್ಕೆ ‘ಎ ಮೈನಸ್’. ಆದರೆ ಅಂತರ್ಜಾಲದಲ್ಲಿ ತಾವಾಗಿಯೇ ಬಂದು ಅಂಕ ಕೊಟ್ಟವರ ಲೆಕ್ಕದಲ್ಲಿ ‘ಲಾಸ್ಟ್ ಜೆಡೈ’ಯನ್ನು ಮೆಚ್ಚಿದವರು ಅರ್ಧಕ್ಕಿಂತ ಕಡಿಮೆ. ಮೊದಲನೆಯದರಲ್ಲಿ ಬಂದವರನ್ನೆಲ್ಲ ಕೇಳುತ್ತಾರೆ, ಎರಡನೆಯದರಲ್ಲಿ ಹೇಳಲೇಬೇಕು ಅನ್ನಿಸಿದವರು ಮಾತ್ರ ಹೇಳುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ಮಾತಾಡುವವರನ್ನು ನೋಡಿ ಊರಿನ ವೋಟು ಲೆಕ್ಕ ಹಾಕಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ.

ಆ ಸಿಟ್ಟನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಅದರ ಮೂಲವನ್ನು ನಮ್ಮ ಅಭಿಮಾನದ ಪಕ್ಕ ಇಟ್ಟರೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಅಭಿಮಾನ ಅಂದರೆ ನಟನ ಮೇಲಿನದು. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಅಂದರು. ಅಭಿಮಾನಿಗಳೂ ಕಟೌಟ್ ನಿಲ್ಲಿಸಿ, ಹೂವಿನ ಹಾರ ಹಾಕಿ, ಮೊದಲ ಆಟಕ್ಕೆ ಪಟಾಕಿ ಹೊಡೆದು ಆ ಸಂಬಂಧ ಉಳಿಸಿಕೊಂಡರು. ಕಥೆ ಸ್ವಲ್ಪ ಸಡಿಲವಾದರೂ ‘ನಮ್ಮಣ್ಣ ಇದ್ದಾರಲ್ಲ, ಸಾಕು’ ಅನ್ನುವ ಕ್ಷಮೆ ಅಲ್ಲಿದೆ. ಸೈನ್ಸ್ ಫಿಕ್ಷನ್ ಅಭಿಮಾನಿ ಪ್ರೀತಿಸುವುದು ಒಂದು ಜಗತ್ತನ್ನು. ಅಲ್ಲಿನ ಹಡಗು ಹೇಗೆ ಹಾರುತ್ತದೆ, ಅಲ್ಲಿನ ಕಾನೂನು ಏನು, ಯಾರು ಯಾರಿಗೆ ಏನಾಗಬೇಕು ಅಂತ ಅವನಿಗೆ ಬಾಯಿಪಾಠ. ಚಿಕ್ಕಂದಿನಿಂದ ಅವನು ಅದರಲ್ಲಿ ವಾಸ ಮಾಡಿದ್ದಾನೆ. ಎರಡನೇ ಭಾಗದಲ್ಲಿ ಒಂದು ನಿಯಮ ಮುರಿದರೆ, ತಾನಿಲ್ಲದಾಗ ಯಾರೋ ಬಂದು ಅಜ್ಜನ ಮನೆಯ ಕಂಬ ಕಿತ್ತ ಹಾಗೆ ಅವನಿಗೆ ಅನ್ನಿಸುತ್ತದೆ.

ಇದನ್ನು ಅರ್ಥ ಮಾಡಿಕೊಂಡು ನಡೆದವರೂ ಇದ್ದಾರೆ. 1982ರ ಜೂನ್ 4ಕ್ಕೆ ಬಂದ ‘ಸ್ಟಾರ್ ಟ್ರೆಕ್’ ಎರಡನೇ ಭಾಗದಲ್ಲಿ ಅಭಿಮಾನಿಗಳ ಅಚ್ಚುಮೆಚ್ಚಿನ ಪಾತ್ರ ಸ್ಪಾಕ್ ಸಾಯುತ್ತಾನೆ ಅನ್ನುವ ಸುದ್ದಿ ಚಿತ್ರೀಕರಣಕ್ಕೆ ಮುಂಚೆಯೇ ಸೋರಿತು. ಅಭಿಮಾನಿಗಳು ಕಾಗದದ ಮೇಲೆ ಕಾಗದ ಬರೆದು ಪ್ರತಿಭಟಿಸಿದರು. ನಿರ್ದೇಶಕ ನಿಕೊಲಸ್ ಮೇಯರ್ ಮತ್ತವರ ತಂಡ ಆ ಸಾವನ್ನು ಕೈಬಿಡಲಿಲ್ಲ. ಶುರುವಿನಲ್ಲೇ ಒಂದು ತರಬೇತಿಯ ದೃಶ್ಯ ಇಟ್ಟು ಅದರಲ್ಲಿ ಸ್ಪಾಕ್ ಸತ್ತಂತೆ ತೋರಿಸಿ ಎಬ್ಬಿಸಿದರು. ಹೆದರಿ ಬಂದವರು ‘ಓಹೋ, ಇಷ್ಟೇನಾ’ ಅಂತ ನಿರಾಳವಾಗಿ ಕೂತರು. ಕೊನೆಯಲ್ಲಿ ನಿಜವಾದ ಸಾವು ಬಂದಾಗ ಅತ್ತರು. ಮೊದಲ ಭಾಗಕ್ಕೆ ನಾಲ್ಕೂವರೆ ಕೋಟಿ ಡಾಲರ್ ಸುರಿದಿದ್ದ ಕಂಪನಿ ಇದಕ್ಕೆ ಕೊಟ್ಟದ್ದು ಸುಮಾರು 1.2 ಕೋಟಿ. ಅಮೆರಿಕದಲ್ಲೇ ಸುಮಾರು 7.9 ಕೋಟಿ ಬಂತು. ಅಭಿಮಾನಿಯ ಪ್ರೀತಿ ಬಾವಿಯಷ್ಟೇ ಅಗಲ ಅಂತ ಗೊತ್ತಿದ್ದು, ಅದಕ್ಕೆ ತಕ್ಕ ಕೊಡ ತಂದವರು ಅವರು.

‘2049’ ಎಡವಿದ್ದು ಇಲ್ಲೇ. ಸೋಲು ಪ್ರೇಕ್ಷಕರದ್ದಲ್ಲ, ಖರ್ಚಿನ ಲೆಕ್ಕದ್ದು. ಪ್ರಪಂಚದಾದ್ಯಂತ 26-27 ಕೋಟಿ ಡಾಲರ್ ಅಂದರೆ ಕಡಿಮೆ ಜನ ನೋಡಿದರು ಅಂತ ಅರ್ಥವಲ್ಲ. ಆದರೆ ಪತ್ರಿಕೆಯಲ್ಲಿ ಬರುವ ಆ ಅಂಕಿ ಗ್ರಾಸ್, ಅಂದರೆ ಟಿಕೆಟ್ ಮಾರಿ ಬಂದ ಒಟ್ಟು ಹಣ. ಅದನ್ನು ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ: ನೀವು 236 ರೂಪಾಯಿ ಕೊಟ್ಟು ಟಿಕೆಟ್ ತೆಗೆದುಕೊಂಡರೆ 36 ಜಿ.ಎಸ್.ಟಿ.ಗೆ ಹೋಗುತ್ತದೆ. ಉಳಿದ 200 ನೆಟ್. ಮಲ್ಟಿಪ್ಲೆಕ್ಸ್‌ನವರು ಮೊದಲ ವಾರ ಅದರಲ್ಲಿ ಅರ್ಧ ಇಟ್ಟುಕೊಂಡರೆ ವಿತರಕನ ಕೈಗೆ ಶೇರ್ ಅಂತ 100 ಬರುತ್ತದೆ. ವಾರ ಕಳೆದಂತೆ ಆ ಪಾಲು ಇಳಿಯುತ್ತದೆ. 2009ರಲ್ಲಿ ಮಲ್ಟಿಪ್ಲೆಕ್ಸ್‌ಗಳ ವಿರುದ್ಧ ನಿರ್ಮಾಪಕರು, ವಿತರಕರು ನಡೆಸಿದ ಮುಷ್ಕರದ ನಂತರ ಹಿಂದಿ ಚಿತ್ರಗಳಿಗೆ ಆದ ಒಪ್ಪಂದದಲ್ಲಿ ಅದು ಶೇಕಡಾ 50, 42.5, 37.5, 30 ಅಂತ ಇತ್ತು. ಹಾಲಿವುಡ್‌ನಲ್ಲೂ ಸರಾಸರಿ ಅರ್ಧದ ಲೆಕ್ಕವೇ. ಹಾಗಾದರೆ 27 ಕೋಟಿಯಲ್ಲಿ ತಯಾರಕರ ಕಡೆ ಬಂದದ್ದು ಹೆಚ್ಚೆಂದರೆ 13 ಕೋಟಿ ಚಿಲ್ಲರೆ. ಚಿತ್ರಕ್ಕೆ ಹಾಕಿದ್ದು 15 ಕೋಟಿಯಿಂದ 18.5 ಕೋಟಿಯ ನಡುವೆ. ಜಾಹೀರಾತಿನ ಖರ್ಚು ಬೇರೆ. ಇದೇ ಪ್ರೇಕ್ಷಕರನ್ನು ನಂಬಿ 8 ಕೋಟಿಯಲ್ಲಿ ಮಾಡಿದ್ದರೆ ಇವತ್ತು ಅದನ್ನು ಗೆದ್ದ ಚಿತ್ರ ಅನ್ನುತ್ತಿದ್ದೆವು. ಆದರೆ 8 ಕೋಟಿಯಲ್ಲಿ ಆ ಕಿತ್ತಳೆ ಬಣ್ಣದ ಧೂಳಿನ ಊರು, ಆ ಹಿಮ, ಆ ಬೆಳಕು ಸಿಗುತ್ತಿತ್ತೇ? ಹದಿಮೂರು ಸಲ ಆಸ್ಕರ್ ಪಟ್ಟಿಯಲ್ಲಿ ಹೆಸರು ಬಂದು ಬರಿಗೈಯಲ್ಲಿ ಮರಳಿದ್ದ ಛಾಯಾಗ್ರಾಹಕ ರೋಜರ್ ಡೀಕಿನ್ಸ್‌ಗೆ ಹದಿನಾಲ್ಕನೇ ಸಲ ಪ್ರಶಸ್ತಿ ತಂದುಕೊಟ್ಟದ್ದು ಈ ಚಿತ್ರ. ಹಣ ಹಾಕಿದವರಿಗೆ ನಷ್ಟವಾದದ್ದಕ್ಕೆ ನನಗೆ ನೋವಿದೆ, ನಾನು ಅವರ ಕಡೆಯ ಲೆಕ್ಕ ಬರೆದವನು. ಆದರೂ ಅವರು ಅಷ್ಟು ಹಣ ಹಾಕಿದ್ದು ಒಳ್ಳೆಯದಾಯಿತು ಅಂತ ಪ್ರೇಕ್ಷಕನಾಗಿ ಹೇಳುತ್ತೇನೆ.

ಇನ್ನು ನಿಮ್ಮ ಕಾಲೇಜಿನ ಪ್ರದರ್ಶನ. ಬರೀ ‘2049’ ಹಾಕಿದರೆ ನೀವು ಐದಾರು ಜನ, ನಿಮ್ಮ ಮುಖ ನೋಡಿ ಬಂದ ಇಪ್ಪತ್ತು ಜನ, ಅಷ್ಟೇ. ಅದರಲ್ಲಿ ಅರ್ಧ ಜನ ಮೊದಲ ಒಂದು ಗಂಟೆಯಲ್ಲಿ ಎದ್ದುಹೋದರೆ ಅವರನ್ನು ದೂರಬೇಡಿ. ಅವರಿಗೆ ಮೊದಲ ಭಾಗ ಗೊತ್ತಿಲ್ಲ. ಎರಡು ಸಂಜೆ ಇಟ್ಟುಕೊಳ್ಳಿ. ಮೊದಲ ಸಂಜೆ 1982ರ ಚಿತ್ರ, ಅದೂ 2007ರ ಅಂತಿಮ ಆವೃತ್ತಿ. ಎರಡು ಗಂಟೆಗೂ ಕಡಿಮೆ. ಮರುದಿನ ಅಲ್ಲ, ಒಂದು ವಾರ ಬಿಟ್ಟು ‘2049’. ಆ ವಾರದಲ್ಲಿ ಮೆಸ್ಸಿನಲ್ಲಿ, ಲ್ಯಾಬಿನಲ್ಲಿ, ಸಾಲಗಾಮೆ ರಸ್ತೆಯ ಟೀ ಅಂಗಡಿಯಲ್ಲಿ ಮಾತು ಹುಟ್ಟಬೇಕು. ನಾಯಕನೂ ಯಂತ್ರವೇ ಅಲ್ಲವೇ ಅಂತ ಎರಡು ಪಂಗಡ ಆಗಬೇಕು. ನಿಮ್ಮ ಬ್ಯಾಕಿಂಗ್ ಮಳೆ ಅದು. ಹುಡುಗಿಯರ ಹಾಸ್ಟೆಲ್‌ಗೆ ಪೋಸ್ಟರ್ ತಲುಪಿಸುವುದನ್ನು ಮರೆಯಬೇಡಿ, ಹತ್ತಕ್ಕೆ ಏಳರ ಲೆಕ್ಕ ಹೇಳಿದೆನಲ್ಲ. ಪೋಸ್ಟರ್ ಕನ್ನಡದಲ್ಲಿ ಇರಲಿ, ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಲಿ.

ಟಿಕೆಟ್ ಇಡಬೇಡಿ. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗೆ ಸೀಮಿತವಾದ ಪ್ರದರ್ಶನಕ್ಕೆ ಅವಕಾಶ ಕೊಡುತ್ತದೆ. ಊರಿನವರನ್ನು ಕರೆದರೆ ಅದು ಬೇರೆ ವಿಷಯವಾಗುತ್ತದೆ. ಪ್ರಿನ್ಸಿಪಾಲರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಖರೀದಿಸಿದ ಡಿಸ್ಕ್ ಬಳಸಿ. ವಯಸ್ಕರ ಚಿತ್ರವಾದ್ದರಿಂದ ಹದಿನೆಂಟು ತುಂಬದವರನ್ನು ಬಿಡಬೇಡಿ. ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟುವುದನ್ನು ಹಿಂದಿನ ದಿನವೇ ಮುಗಿಸಿ. ಅರ್ಧ ಬೆಳಕಿನಲ್ಲಿ ಡೀಕಿನ್ಸ್‌ನ ಕತ್ತಲೆ ಕಾಣುವುದಿಲ್ಲ. ಸ್ಪೀಕರ್‌ಗಳನ್ನೂ ಒಮ್ಮೆ ಪೂರ್ತಿ ದನಿಯಲ್ಲಿ ಪರೀಕ್ಷಿಸಿ, ಈ ಚಿತ್ರದ ಅರ್ಧ ಜೀವ ಅದರ ಸದ್ದಿನಲ್ಲಿದೆ.

ಬಾಗಿಲಲ್ಲಿ ಒಬ್ಬರನ್ನು ಕೂರಿಸಿ ಎರಡೂ ಸಂಜೆ ತಲೆ ಎಣಿಸಿ. ಮೊದಲ ಸಂಜೆ ಎಷ್ಟು, ಎರಡನೇ ಸಂಜೆ ಎಷ್ಟು, ಮಧ್ಯಂತರದ ನಂತರ ಎಷ್ಟು, ಎರಡನೇ ಸಂಜೆಗೆ ಹೊಸಬರು ಎಷ್ಟು. ಬರೆದು ನನಗೆ ಕಳಿಸಿ. ಹಳೆಯ ಡಿ.ಸಿ.ಆರ್. ಹಾಳೆಗಳ ಒಂದು ಕಟ್ಟು ನನ್ನ ಹತ್ತಿರ ಇನ್ನೂ ಉಳಿದಿದೆ, ಬೇಕಾದರೆ ನಿಮಗೆ ಎರಡು ಹಾಳೆ ಕೊಡುತ್ತೇನೆ.